ಮೊಳದುದ್ದದ ಉಗಿಬಂಡಿ

ಗುಜರಿ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ತಾಮ್ರದ ಹಳೆಯ ಬಂಬನ್ನು ಕಂಡವರಿಗೆ ರೈಲು ಎಂಜಿನ್ ನೆನಪಾಗುವುದಿಲ್ಲ. ಆದರೆ ಆ ಬಂಬಿನ ಒಳಗನ್ನು ಒಮ್ಮೆ ನೋಡಿ. ನಟ್ಟನಡುವೆ ಬೆಂಕಿಯ ಕೊಳವೆ, ಅದರ ಸುತ್ತ ನೀರು, ಕೆಳಗೆ ಬೂದಿ ಬೀಳಲು ಜಾಗ, ಮೇಲೆ ಹೊಗೆ ಹೋಗಲು ದಾರಿ. ನೂರಾರು ಟನ್ ಎಳೆದ ಉಗಿಬಂಡಿಯ ಬಾಯ್ಲರಿನಲ್ಲಿದ್ದದ್ದೂ ಇದೇ ಏರ್ಪಾಡು. ಬೆಂಕಿಯ ಕೊಳವೆ ಅಲ್ಲಿ ಒಂದರ ಬದಲು ನೂರಕ್ಕೆ ಹತ್ತಿರ ಇರುತ್ತಿದ್ದವು. ಬಾಯ್ಲರ್ ನಿಂತಿರುವ ಬದಲು ಮಲಗಿರುತ್ತಿತ್ತು. ಮತ್ತು ಆವಿ ತಪ್ಪಿಸಿಕೊಂಡು ಹೋಗದಂತೆ ಮುಚ್ಚಳ ಭದ್ರವಾಗಿರುತ್ತಿತ್ತು. ಈ ಮೂರನೆಯ ವ್ಯತ್ಯಾಸವೇ ಎಲ್ಲಕ್ಕಿಂತ ದೊಡ್ಡದು. ಸ್ನಾನದ ನೀರನ್ನು ಎಂಜಿನ್ನಾಗಿಸುವುದೂ ಅದೇ, ಜೀವಕ್ಕೆ ಅಪಾಯ ತರುವುದೂ ಅದೇ.

ಉಗಿಬಂಡಿಯ ಓಡುವ ಮಾದರಿಯನ್ನು ಸ್ವತಃ ಕೈಯಿಂದ ಕಟ್ಟುವುದು ಜಗತ್ತಿನ ಹಲವು ದೇಶಗಳಲ್ಲಿ ನೂರು ವರ್ಷಕ್ಕೂ ಹಳೆಯ ಹವ್ಯಾಸ. ಇದು ಹಣವಂತರ ಆಟ, ಪರದೇಶದಿಂದ ಪೆಟ್ಟಿಗೆ ತರಿಸಿ ಜೋಡಿಸುವ ಕೆಲಸ ಎಂಬ ಭಾವನೆ ನಮ್ಮಲ್ಲಿದೆ. ಅದು ಪೂರ್ತಿ ನಿಜವಲ್ಲ. ಶ್ರೀಕೃಷ್ಣ ಪಾರಿಜಾತದ ಕುಲಗೋಡ ತಮ್ಮಣ್ಣನ ಊರಾದ ಕುಲಗೋಡದಂಥ ಹಳ್ಳಿಯಲ್ಲಿ ನಿಂತು ಸುತ್ತ ಕಣ್ಣಾಡಿಸಿದರೆ ಸಾಕು. ಟ್ರ್ಯಾಕ್ಟರ್ ರಿಪೇರಿಯ ಶೆಡ್ಡು, ಸೈಕಲ್ ಅಂಗಡಿ, ಕೆಟ್ಟುಹೋದ ಔಷಧಿ ಹೊಡೆಯುವ ಪಂಪು, ಪಾತ್ರೆ ಬೆಸೆಯುವವರು, ಮೂವತ್ತು ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಲೇತ್ ಯಂತ್ರ. ಬೇಕಾದ ಸಾಮಾನಿನ ಮುಕ್ಕಾಲು ಪಾಲು ಇಲ್ಲಿಯೇ ಇದೆ. ಇಲ್ಲದ್ದು ಎರಡೇ: ಲೆಕ್ಕ ಮತ್ತು ತಾಳ್ಮೆ.

ಮೊದಲು ಮಾದರಿ, ಆಮೇಲೆ ಬಂಡಿ

ದೊಡ್ಡ ಎಂಜಿನ್ ಮೊದಲು ಹುಟ್ಟಿತು, ಅದನ್ನು ನೋಡಿ ಆಟಿಕೆ ಮಾಡಿದರು ಎಂದುಕೊಳ್ಳುವುದು ಸಹಜ. ಇತಿಹಾಸ ಹೇಳುವುದು ಇದಕ್ಕೆ ಉಲ್ಟಾ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ರೆಡ್‌ರೂತ್‌ನಲ್ಲಿ ವಿಲಿಯಂ ಮರ್ಡಾಕ್ ಎಂಬಾತ 1784ರಲ್ಲಿ ಮೂರು ಗಾಲಿಯ ಪುಟ್ಟ ಉಗಿಗಾಡಿಯೊಂದನ್ನು ಮಾಡಿದ. ತಾಮ್ರದ ಬಾಯ್ಲರು, ಅದರ ಕೆಳಗೆ ಸ್ಪಿರಿಟ್ ದೀಪ. ಒಂದು ರಾತ್ರಿ ಅದನ್ನು ಬೀದಿಗೆ ಬಿಟ್ಟಾಗ, ಬುಸುಗುಡುತ್ತ ಬೆಂಕಿ ಹೊತ್ತು ಓಡಿಬಂದ ಅದನ್ನು ಕಂಡ ಊರ ಪಾದ್ರಿ ದೆವ್ವವೆಂದು ಹೆದರಿದ ಎಂಬ ಕಥೆಯಿದೆ. ಅದೇ ಕಾರ್ನ್‌ವಾಲ್‌ನ ರಿಚರ್ಡ್ ಟ್ರೆವಿಥಿಕ್ 1797ರ ಹೊತ್ತಿಗೆ ಮಾದರಿಗಳನ್ನು ಮಾಡಿ ಮನೆಯೊಳಗೆ ಓಡಿಸಿ ನೋಡಿದ. ಆತ ವೇಲ್ಸ್‌ನ ಪೆನಿಡ್ಯಾರನ್‌ನಲ್ಲಿ ಹಳಿಯ ಮೇಲೆ ನಿಜವಾದ ಉಗಿಬಂಡಿ ಓಡಿಸಿದ್ದು 1804ರ ಫೆಬ್ರುವರಿ 21ರಂದು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಜೇಮ್ಸ್ ವಾಟ್‌ನದು. ಕೆಟಲಿನ ಮುಚ್ಚಳ ಕುಣಿಯುವುದನ್ನು ನೋಡಿ ಆತ ಉಗಿಯಂತ್ರ ಕಂಡುಹಿಡಿದ ಎಂಬ ಮಾತು ಪಾಠಗಳಲ್ಲಿ ಇನ್ನೂ ಉಳಿದಿದೆ. ನಡೆದದ್ದು ಬೇರೆ. ಗಣಿಗಳಿಂದ ನೀರೆತ್ತಲು ನ್ಯೂಕಮೆನ್‌ನ ಉಗಿಯಂತ್ರಗಳು ಆಗಲೇ ಅರ್ಧ ಶತಮಾನದಿಂದ ಬಳಕೆಯಲ್ಲಿದ್ದವು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆಂದು ಇಟ್ಟಿದ್ದ ಅಂಥ ಯಂತ್ರದ ಪುಟ್ಟ ಮಾದರಿಯೊಂದು ಸರಿಯಾಗಿ ಓಡುತ್ತಿರಲಿಲ್ಲ. 1763-64ರ ಚಳಿಗಾಲದಲ್ಲಿ ಅದು ರಿಪೇರಿಗಾಗಿ ಉಪಕರಣ ತಯಾರಕ ವಾಟ್‌ನ ಕೈಗೆ ಬಂತು. ಆತ ಎಲ್ಲವನ್ನೂ ಸರಿಪಡಿಸಿದ. ಆದರೂ ಅದು ನಾಲ್ಕಾರು ಸಲ ಮೇಲೆ ಕೆಳಗೆ ಆಡಿ, ಉಗಿ ಸಾಲದೆ ನಿಂತುಬಿಡುತ್ತಿತ್ತು. ಗಣಿಯ ದೊಡ್ಡ ಯಂತ್ರ ಹಗಲಿರುಳು ಓಡುತ್ತದೆ. ಅದರ ತದ್ರೂಪವಾದ ಚಿಕ್ಕದು ಏಕೆ ಓಡುವುದಿಲ್ಲ?

ಮಾದರಿಯ ಸಿಲಿಂಡರಿನ ಅಡ್ಡಳತೆ ಬರಿಯ 2 ಅಂಗುಲ. ಒಳಗೆ ಹಿಡಿಯುವ ಉಗಿಗೆ ಹೋಲಿಸಿದರೆ ಅದರ ಗೋಡೆಯ ಮೈ ಬಹಳ ಹೆಚ್ಚು. ಒಂದೊಂದು ಸಲವೂ ತಣ್ಣೀರು ಚಿಮುಕಿಸಿ ಸಿಲಿಂಡರನ್ನು ತಣಿಸಬೇಕು, ಮತ್ತೆ ಉಗಿ ಬಿಟ್ಟು ಕಾಯಿಸಬೇಕು. ಬಂದ ಉಗಿಯೆಲ್ಲ ತಣ್ಣನೆಯ ಗೋಡೆಯನ್ನು ಕಾಯಿಸುವುದರಲ್ಲೇ ಮುಗಿಯುತ್ತಿತ್ತು. ಈ ಸೋರಿಕೆ ದೊಡ್ಡ ಯಂತ್ರದಲ್ಲೂ ಇತ್ತು, ಆದರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಚಿಕ್ಕದರಲ್ಲಿ ಅದು ಯಂತ್ರವನ್ನೇ ನಿಲ್ಲಿಸಿ ತನ್ನನ್ನು ತೋರಿಸಿಕೊಂಡಿತು. ಉಗಿಯನ್ನು ಸಿಲಿಂಡರಿನಲ್ಲಿ ತಣಿಸದೆ ಬೇರೊಂದು ಪಾತ್ರೆಯಲ್ಲಿ ತಣಿಸಬೇಕೆಂಬ ಯೋಚನೆ ವಾಟ್‌ಗೆ 1765ರಲ್ಲಿ ಹೊಳೆಯಿತು. 1769ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಕೈಗಾರಿಕಾ ಕ್ರಾಂತಿಯ ಒಂದು ದೊಡ್ಡ ಹೆಜ್ಜೆ ಹೀಗೆ ಓಡಲಾರದ ಒಂದು ಆಟಿಕೆಯಿಂದ ಶುರುವಾಯಿತು.

ಚಿಕ್ಕದಾದರೆ ಲೆಕ್ಕವೂ ಬದಲು

ಮಾದರಿ ಕಟ್ಟುವವರು ಮೊದಲು ಕಲಿಯಬೇಕಾದದ್ದು ಇದನ್ನೇ. ನಮ್ಮ ಭಾಗದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮೀರಜ್‌ನಿಂದ ರಾಯಬಾಗ, ಘಟಪ್ರಭಾ, ಗೋಕಾಕ ರೋಡ, ಬೆಳಗಾವಿ ಹಾದು ಲೋಂಡಾಕ್ಕೆ ಹೋಗುವ ಹಾದಿ 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಯ ಕಾಲದ್ದು. 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವ ತನಕ ಅದು ಮೀಟರ್‌ಗೇಜ್ ಆಗಿತ್ತು. ಅಂದರೆ ಹಳಿಯಿಂದ ಹಳಿಗೆ 1000 ಮಿ.ಮೀ. ಮಾದರಿಕಾರರ ಜಗತ್ತಿನಲ್ಲಿ 45 ಮಿ.ಮೀ. ಅಗಲದ ಹಳಿ ಬಹಳ ರೂಢಿಯಲ್ಲಿದೆ. ಸಾವಿರವನ್ನು ನಲವತ್ತೈದರಿಂದ ಭಾಗಿಸಿದರೆ 22ಕ್ಕೆ ಸ್ವಲ್ಪ ಮೇಲೆ. ಆದ್ದರಿಂದ ಮೀಟರ್‌ಗೇಜ್ ಬಂಡಿಗಳನ್ನು 22.5ರಲ್ಲಿ ಒಂದು ಪಾಲಿಗೆ ಇಳಿಸಿ ಕಟ್ಟುವ ಪದ್ಧತಿ ಯುರೋಪಿನಲ್ಲಿ ಬೆಳೆದಿದೆ. ಹಳೆಯ ಬೆಳಗಾವಿ ಹಾದಿಯ ಬಂಡಿಗೆ ಈ ಅಳತೆ ಹೇಳಿಮಾಡಿಸಿದ ಹಾಗಿದೆ.

ದೇಶದ ಮೀಟರ್‌ಗೇಜ್ ಹಳಿಗಳ ಮೇಲೆ ಪ್ರಯಾಣಿಕರ ಗಾಡಿ ಎಳೆದ ಪ್ರಸಿದ್ಧ ಎಂಜಿನ್ ವೈಪಿ. 1949ರಿಂದ 1970ರ ವರೆಗೆ ಇಂಥ 871 ಎಂಜಿನ್‌ಗಳು ತಯಾರಾದವು. ಬಹಳಷ್ಟನ್ನು ಕಟ್ಟಿದ್ದು ಜಮ್‌ಶೇಡ್‌ಪುರದ ಟೆಲ್ಕೊ ಕಾರ್ಖಾನೆ. ಅದರ ಎಳೆಯುವ ಗಾಲಿಯ ಅಡ್ಡಳತೆ 1372 ಮಿ.ಮೀ. ಮಾದರಿಯಲ್ಲಿ ಅದು 61 ಮಿ.ಮೀ. ಆಗುತ್ತದೆ. ಸಿಲಿಂಡರಿನ ಅಡ್ಡಳತೆ 387 ಇದ್ದದ್ದು 17 ಮಿ.ಮೀ., ಪಿಸ್ಟನ್ ಓಡಾಟ 610 ಇದ್ದದ್ದು 27 ಮಿ.ಮೀ. ಇಲ್ಲಿಯ ತನಕ ಸರಳ ಭಾಗಾಕಾರ. ಮುಂದೆ ಹಾಗಿಲ್ಲ.

ಉದ್ದ 22.5 ಪಟ್ಟು ಕುಗ್ಗಿದಾಗ ಮೈಯ ವಿಸ್ತೀರ್ಣ 22.5ರ ವರ್ಗದಷ್ಟು, ಎಂದರೆ ಸುಮಾರು 506 ಪಟ್ಟು ಕುಗ್ಗುತ್ತದೆ. ಗಾತ್ರ ಮತ್ತು ತೂಕ ಅದರ ಘನದಷ್ಟು, ಎಂದರೆ 11,390 ಪಟ್ಟು ಕುಗ್ಗುತ್ತವೆ. ಟೆಂಡರ್ ಸಮೇತ 100 ಟನ್ ತೂಗುವ ಬಂಡಿ ಎಂದಿಟ್ಟುಕೊಂಡರೆ ಅದರ ಮಾದರಿ 9 ಕಿಲೋ ಕೂಡ ತೂಗದು. ಇದು ಒಳ್ಳೆಯದಾಯಿತು. ಆದರೆ ಒಂದೊಂದು ಹನಿ ನೀರಿನ ಪಾಲಿಗೆ ಬರುವ ತಣಿಯುವ ಮೈ 22.5 ಪಟ್ಟು ಹೆಚ್ಚಾಯಿತು. ಹುಬ್ಬಳ್ಳಿಯ ಶೆಡ್ಡಿನಲ್ಲಿ ರಾತ್ರಿ ಬೆಂಕಿ ಆರಿದ ದೊಡ್ಡ ಎಂಜಿನ್ ಬೆಳಿಗ್ಗೆಯೂ ಬಿಸಿಯಾಗಿರುತ್ತಿತ್ತು; ಮೊಳದುದ್ದದ ಎಂಜಿನ್ ದೀಪ ತೆಗೆದ ಕೆಲವೇ ನಿಮಿಷಗಳಲ್ಲಿ ಸುಮ್ಮನಾಗುತ್ತದೆ. ವಾಟ್‌ನನ್ನು ಕಾಡಿದ ತೊಂದರೆಯೇ ಇಲ್ಲೂ ಎದುರಾಗುತ್ತದೆ. ಅದಕ್ಕೇ ಬಾಯ್ಲರಿಗೆ ಉಣ್ಣೆಯ ಬಟ್ಟೆ ಸುತ್ತಿ, ಮೇಲೆ ತೆಳ್ಳಗಿನ ಮರದ ಪಟ್ಟಿ ಜೋಡಿಸಿ, ಹಿತ್ತಾಳೆಯ ಪಟ್ಟಿಯಿಂದ ಬಿಗಿಯುತ್ತಾರೆ. ಅಂದಕ್ಕೆ ಮಾಡಿದಂತೆ ಕಾಣುವ ಈ ಕವಚ ನಿಜವಾಗಿ ಅದರ ಕಂಬಳಿ.

ಗುಜರಿಯಲ್ಲಿ ಏನೇನು?

ಬಾಯ್ಲರಿಗೆ ತಾಮ್ರವೇ ಆಗಬೇಕು. ಕಬ್ಬಿಣದ ತಗಡು ಒಳಗಿನಿಂದ ತುಕ್ಕು ಹಿಡಿದು, ಹೊರಗೆ ಗೊತ್ತಾಗದ ಹಾಗೆ ತೆಳುವಾಗುತ್ತದೆ. ಹಿತ್ತಾಳೆಯಲ್ಲಿರುವ ಸತುವನ್ನು ಬಿಸಿನೀರು ವರ್ಷಗಟ್ಟಲೆ ಮೆಲ್ಲಗೆ ತಿನ್ನುತ್ತದೆ. ಅಲ್ಯೂಮಿನಿಯಂ ಡಬ್ಬಿ, ಬಣ್ಣದ ಡಬ್ಬಿ, ಹಾಲಿನಪುಡಿಯ ಡಬ್ಬಿ ಇವುಗಳ ಮಾತೇ ಬೇಡ. 60 ಮಿ.ಮೀ. ಅಡ್ಡಳತೆಯ, ಒಂದೂವರೆ ಮಿ.ಮೀ. ದಪ್ಪದ ತಾಮ್ರದ ಕೊಳವೆ ಸಿಕ್ಕರೆ ಬಹಳ ಒಳ್ಳೆಯದು. ಹಳೆಯ ದಪ್ಪ ಬಂಬಿನ ತಗಡನ್ನು ಕಾಯಿಸಿ ಮೆತ್ತಗೆ ಮಾಡಿ ಸುರುಳಿ ಸುತ್ತಿ, ಅಂಚಿನ ಮೇಲೆ ಅಂಚು ತಂದು ರಿವೆಟ್ ಹೊಡೆದು ಬೆಸೆಯುವುದೂ ಉಂಟು. ಆ ಕೆಲಸ ನುರಿತ ಕೈಗೆ ಮಾತ್ರ.

ಸೈಕಲ್ಲಿನ ಕಡ್ಡಿ 2 ಮಿ.ಮೀ. ದಪ್ಪದ ಗಟ್ಟಿ ತಂತಿ. ಅದರ ತುದಿಗೆ ಮರೆ ಕೊರೆದಿರುತ್ತದೆ, ನಿಪ್ಪಲ್ ಎಂಬ ಹಿತ್ತಾಳೆಯ ನಟ್ಟೂ ಜೊತೆಗಿರುತ್ತದೆ. ಉದ್ದ ಹೊಂದಿಸಬೇಕಾದ ಸರಳುಗಳಿಗೆ ಇದಕ್ಕಿಂತ ಸುಲಭದ ವಸ್ತು ಇಲ್ಲ. ಡೀಸೆಲ್ ಎಂಜಿನ್ನಿನ ಮತ್ತು ಫ್ರಿಜ್ಜಿನ ಸಣ್ಣ ಕೊಳವೆಗಳು ಉಗಿ ಸಾಗಿಸಲು ಬರುತ್ತವೆ. ಔಷಧಿ ಹೊಡೆಯುವ ಪಂಪಿನಲ್ಲಿ ಹಿತ್ತಾಳೆಯ ಕೋಳಿ, ವಾಷರು, ನಳಿಕೆ ಎಲ್ಲ ಇವೆ. ಆದರೆ ವಿಷದ ಅಂಶವನ್ನು ಸೋಡಾ ಹಾಕಿ ಚೆನ್ನಾಗಿ ತೊಳೆಯದೆ ಮುಟ್ಟಕೂಡದು. ಮುರಿದ ಹೊಲಿಗೆ ಯಂತ್ರದಲ್ಲಿ ನಯವಾದ ಉಕ್ಕಿನ ದಂಡ ಮತ್ತು ಸ್ಪ್ರಿಂಗುಗಳು ಸಿಗುತ್ತವೆ. ಪಂಪ್ ಸ್ಟವ್ವಿನ ಹಿತ್ತಾಳೆ ಟಾಕಿಯನ್ನು ಟೆಂಡರಿನ ನೀರಿನ ತೊಟ್ಟಿಗೆ ಕತ್ತರಿಸಿಕೊಳ್ಳಬಹುದು.

ಗಾಲಿಗಳದ್ದು ಬೇರೆಯೇ ಕಥೆ. ಅವನ್ನು ಎರಕ ಹೊಯ್ಯಬೇಕು. ಎರಕಕ್ಕೆ ಮೊದಲು ಮರದ ಅಚ್ಚು ಬೇಕು. ಕರಿಮಣ್ಣಿನ ಮರಳಿನಲ್ಲಿ ಆ ಅಚ್ಚನ್ನು ಒತ್ತಿ ತೆಗೆದರೆ ಉಳಿಯುವ ಪೊಳ್ಳಿನಲ್ಲಿ ಕರಗಿದ ಹಿತ್ತಾಳೆ ಹೊಯ್ಯುವುದು. ತಣಿದಾಗ ಹಿತ್ತಾಳೆ ನೂರಕ್ಕೆ ಸುಮಾರು ಒಂದೂವರೆ ಪಾಲು ಕುಗ್ಗುತ್ತದೆ. ಆದ್ದರಿಂದ 61 ಮಿ.ಮೀ. ಗಾಲಿ ಬೇಕಾದರೆ ಅಚ್ಚನ್ನು 62ಕ್ಕೆ ಕೆತ್ತಿ, ಲೇತ್ ತುರಿಯುವುದಕ್ಕೆಂದು ಮೇಲೊಂದು ಮಿ.ಮೀ. ಬಿಡಬೇಕು. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳು ಸಾಲುಸಾಲಾಗಿವೆ. ಈ ಲೆಕ್ಕ ಅಲ್ಲಿಯ ಅಚ್ಚು ಮಾಡುವವರಿಗೆ ದಿನನಿತ್ಯದ್ದು. ಇನ್ನು ಮರವನ್ನು ತಿದ್ದಿ ನಿಜವಸ್ತುವಿನ ತದ್ರೂಪ ಮಾಡುವ ಕಲೆಗೆ ಗೋಕಾಕದ ಗೊಂಬೆಗಾರರಿಗಿಂತ ಬೇರೆ ಸಾಕ್ಷಿ ಬೇಡ. ಅವರು ಮಾಡಿದ ಮರದ ಬಾಳೆಹಣ್ಣನ್ನು ನಿಜವೆಂದು ಎತ್ತಿಕೊಂಡವರು ಎಷ್ಟೋ ಜನ! ಗಾಲಿಯ ಆರೆಕಾಲುಗಳನ್ನು ಹದವಾದ ಇಳಿಜಾರಿನಲ್ಲಿ ಕೆತ್ತಲು ಬೇಕಾದದ್ದೂ ಆ ಬಗೆಯ ಕಣ್ಣೇ.

ತೂಗಾಡುವ ಸಿಲಿಂಡರು

ಜಾತ್ರೆಯ ಅಂಗಡಿಯಲ್ಲಿ ಮಾರುವ ಟುಕುಟುಕು ತಗಡಿನ ದೋಣಿ ಹಲವರ ಬಾಲ್ಯದ ನೆನಪು. ಅದೂ ಉಗಿಯಂತ್ರವೇ, ಅದರ ಮೂಲ ಪೇಟೆಂಟನ್ನು 1891ರಲ್ಲಿ ಥಾಮಸ್ ಪಿಯೊ ಪಡೆದಿದ್ದ. ಅದರಲ್ಲಿ ಪಿಸ್ಟನ್ ಕೂಡ ಇಲ್ಲ, ಕೊಳವೆಯ ನೀರೇ ಹಿಂದೆ ಮುಂದೆ ಆಡುತ್ತದೆ. ಅಲ್ಲಿಂದ ಒಂದು ಮೆಟ್ಟಿಲು ಮೇಲಿನದು ತೂಗಾಡುವ ಸಿಲಿಂಡರಿನ ಎಂಜಿನ್. ಮೊದಲ ಸಲ ಕಟ್ಟುವವರೆಲ್ಲ ಇದರಿಂದ ಪ್ರಾರಂಭಿಸುವುದು ಲೇಸು.

ದೊಡ್ಡ ಬಂಡಿಗಳಲ್ಲಿ ಸಿಲಿಂಡರು ಅಲುಗುವುದಿಲ್ಲ. ಉಗಿಯನ್ನು ಒಮ್ಮೆ ಈ ಬದಿಗೆ, ಒಮ್ಮೆ ಆ ಬದಿಗೆ ಬಿಡಲು ಬೇರೆಯೇ ಕವಾಟ, ಅದನ್ನು ಆಡಿಸಲು ಸರಳುಗಳ ಬಲೆ ಇರುತ್ತದೆ. ತೂಗಾಡುವ ಎಂಜಿನ್ನಿನಲ್ಲಿ ಅದಾವುದೂ ಬೇಡ. ಸಿಲಿಂಡರಿನ ಬದಿಗೆ ಒಂದು ತೂತು. ಅದು ಒರಗಿರುವ ಚಪ್ಪಟೆ ಪಟ್ಟಿಯಲ್ಲಿ ಎರಡು ತೂತು: ಒಂದು ಬಾಯ್ಲರಿನಿಂದ ಉಗಿ ಬರುವುದು, ಇನ್ನೊಂದು ಬಳಸಿದ ಉಗಿ ಹೊರಹೋಗುವುದು. ಚಕ್ರ ತಿರುಗಿದಂತೆ ಪಿಸ್ಟನ್ನಿನ ದಂಡ ಸಿಲಿಂಡರನ್ನು ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತದೆ. ಒಂದು ಕಡೆ ವಾಲಿದಾಗ ಸಿಲಿಂಡರಿನ ತೂತು ಉಗಿಯ ತೂತಿಗೆ ಕೂಡಿ ಪಿಸ್ಟನ್ ತಳ್ಳಲ್ಪಡುತ್ತದೆ; ಇನ್ನೊಂದು ಕಡೆ ವಾಲಿದಾಗ ಹೊರಹೋಗುವ ತೂತಿಗೆ ಕೂಡಿ ಸಿಲಿಂಡರು ಖಾಲಿಯಾಗುತ್ತದೆ. ನಡುವೆ ಎರಡೂ ಮುಚ್ಚಿರುತ್ತವೆ. ಒಂದು ಸ್ಪ್ರಿಂಗು ಸಿಲಿಂಡರನ್ನು ಪಟ್ಟಿಗೆ ಒತ್ತಿ ಹಿಡಿದಿರುತ್ತದೆ.

ಕೆಲಸದ ಹದವೆಲ್ಲ ಆ ಎರಡು ಚಪ್ಪಟೆ ಮುಖಗಳಲ್ಲಿದೆ. ದಪ್ಪ ಗಾಜಿನ ಮೇಲೆ ನುಣುಪಾದ ಉಜ್ಜುಗಾಗದ ಹಾಸಿ, ಒಂದು ಹನಿ ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ಉಜ್ಜಬೇಕು. ಅರ ಹಾಕಿದರೆ ಅಂಚು ದುಂಡಗಾಗಿ ಉಗಿ ಸೋರುತ್ತದೆ. ಇಂಥ ಎರಡು ಸಿಲಿಂಡರುಗಳನ್ನು ಎಂಜಿನ್ನಿನ ಎರಡು ಬದಿಗೆ ಕೂರಿಸುವಾಗ ಅವುಗಳ ತಿರುಗೋಲುಗಳ ನಡುವೆ 90 ಡಿಗ್ರಿ ಅಂತರವಿಡಬೇಕು. ಒಂದೇ ಸಿಲಿಂಡರಿದ್ದರೆ ಪಿಸ್ಟನ್ ತುದಿಗೆ ಬಂದು ನಿಂತಾಗ ಉಗಿ ಎಷ್ಟು ಒತ್ತಿದರೂ ಚಕ್ರ ತಿರುಗದು. ಕಾಲು ಸುತ್ತಿನ ಅಂತರ ಕೊಟ್ಟರೆ ಒಂದು ತುದಿಯಲ್ಲಿದ್ದಾಗ ಇನ್ನೊಂದು ನಡುದಾರಿಯಲ್ಲಿರುತ್ತದೆ. ದೊಡ್ಡ ಬಂಡಿಗಳಲ್ಲೂ ಇದೇ ನಿಯಮ. ಅಲ್ಲಿ ಪಿಸ್ಟನ್ನಿನ ಎರಡೂ ಬದಿಗೆ ಉಗಿ ಬರುವುದರಿಂದ ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ ಉಗಿ ಹೊರಚಿಮ್ಮುತ್ತಿತ್ತು. ಎಲ್ಲರೂ ಕೇಳಿದ ಚುಕುಬುಕು ಅದೇ. ವೈಪಿ ಎಂಜಿನ್ನಿನ ಚಕ್ರದ ಸುತ್ತಳತೆ 4.3 ಮೀಟರ್, ಅಂದರೆ ಸುಮಾರು ಒಂದು ಮೀಟರಿಗೆ ಒಂದು ಚುಕ್ಕು. ಗಂಟೆಗೆ 60 ಕಿ.ಮೀ. ಓಡುವಾಗ ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು. ಸದ್ದು ಕೇಳಿಯೇ ಗಾಡಿಯ ಓಟ ಅಳೆಯಬಹುದಿತ್ತು.

ಎಣ್ಣೆ ಹಾಕುವ ಉಪಾಯವೂ ಸೊಗಸಾಗಿದೆ. ಒಳಗಿನ ಎಣ್ಣೆಯನ್ನು ಉಗಿ ತೊಳೆದುಬಿಡುತ್ತದೆ. ಅದಕ್ಕೆ ಉಗಿಯ ಕೊಳವೆಗೆ ತಾಗಿದಂತೆ ಎಣ್ಣೆ ತುಂಬಿದ ಪುಟ್ಟ ಮುಚ್ಚಿದ ಡಬ್ಬಿ ಇಡುತ್ತಾರೆ. ಸಣ್ಣ ತೂತಿನಿಂದ ಒಳಹೊಕ್ಕ ಉಗಿ ತಣಿದು ನೀರಾಗಿ ತಳಕ್ಕಿಳಿಯುತ್ತದೆ. ನೀರಿಗಿಂತ ಹಗುರವಾದ ಎಣ್ಣೆ ಮೇಲೆದ್ದು ಅದೇ ತೂತಿನಿಂದ ಹನಿಹನಿಯಾಗಿ ಉಗಿಯ ಜೊತೆ ಹೋಗುತ್ತದೆ. ಎಂಜಿನ್ ಓಡಿದಷ್ಟೂ ಹೊತ್ತು ತನಗೆ ಬೇಕಾದ ಎಣ್ಣೆಯನ್ನು ತಾನೇ ಎಳೆದುಕೊಳ್ಳುತ್ತದೆ.

ಒಂದು ಲೋಟ ನೀರಿನೊಳಗೆ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ತಗಡಿನ ಡಬ್ಬಿಗೆ ಕೊಳವೆ ಬೆಸೆದು, ಮುಚ್ಚಳ ಬಿಗಿದು ಒಲೆಯ ಮೇಲಿಡುವ ಹುಡುಗರಿದ್ದಾರೆ. ಅವರ ಉತ್ಸಾಹ ದೊಡ್ಡದು. ಅಪಾಯ ಅದಕ್ಕಿಂತ ದೊಡ್ಡದು.

ಮನೆಯ ಕುಕ್ಕರು ಸೀಟಿ ಹಾಕುವಾಗ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಹೊರಗಿಗಿಂತ ಸುಮಾರು 1 ಕಿಲೋ ಹೆಚ್ಚು, ಬಿಸಿ 120 ಡಿಗ್ರಿ ಸೆಲ್ಸಿಯಸ್. ವೈಪಿ ಬಂಡಿಯಲ್ಲಿ ಒತ್ತಡ 14.8 ಕಿಲೋ. ಮೊಳದುದ್ದದ ಮಾದರಿಗೆ 3 ಕಿಲೋ ಸಾಕು. ಕಡಿಮೆ ಎನಿಸುತ್ತದೆಯೆ? 60 ಮಿ.ಮೀ. ಬಾಯ್ಲರಿನ ಕೊನೆಯ ಬಿಲ್ಲೆಯ ವಿಸ್ತೀರ್ಣ 28 ಚದರ ಸೆಂ.ಮೀ. ಅದರ ಮೇಲೆ ಬೀಳುವ ಒಟ್ಟು ಭಾರ 85 ಕಿಲೋ. ಅಂಗೈಯಲ್ಲಿ ಅಡಗುವ ಬಿಲ್ಲೆಯ ಮೇಲೆ ಒಂದು ಜೋಳದ ಚೀಲ ಹೇರಿದ ಹಾಗೆ!

ಒತ್ತಡಕ್ಕಿಂತ ಬಿಸಿನೀರು ಹೆಚ್ಚು ಅಪಾಯಕಾರಿ. 3 ಕಿಲೋ ಒತ್ತಡದಲ್ಲಿ ನೀರು 143 ಡಿಗ್ರಿಯಲ್ಲಿರುತ್ತದೆ. ಬಾಯ್ಲರ್ ಒಡೆದರೆ ಒತ್ತಡ ಒಮ್ಮೆಲೇ ಇಳಿದು, ನೂರು ಡಿಗ್ರಿಗಿಂತ ಮೇಲಿನ ಬಿಸಿಯೆಲ್ಲ ನೀರನ್ನು ಉಗಿಯಾಗಿಸಲು ಖರ್ಚಾಗುತ್ತದೆ. ಲೆಕ್ಕ ಹಾಕಿದರೆ ನೂರಕ್ಕೆ 8 ಪಾಲು ನೀರು ಕ್ಷಣದಲ್ಲಿ ಉಗಿಯಾಗುತ್ತದೆ. ಒಂದು ಲೋಟ, ಅಂದರೆ 200 ಮಿ.ಲೀ. ನೀರಿಗೆ ಅದು 16 ಗ್ರಾಂ. 16 ಗ್ರಾಂ ನೀರು ಉಗಿಯಾದರೆ 26 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಹೆಚ್ಚುಕಡಿಮೆ ಎರಡು ಕೊಡ ತುಂಬುವಷ್ಟು ಸುಡುವ ಉಗಿ, ತಾಮ್ರದ ಚೂರುಗಳ ಸಮೇತ, ಬಗ್ಗಿ ನೋಡುತ್ತಿರುವ ಮುಖದ ಮೇಲೆ.

ಆದ್ದರಿಂದ ಕೆಲವು ನಿಯಮಗಳನ್ನು ಯಾರೂ ಮೀರುವ ಹಾಗಿಲ್ಲ. ಮೊದಲನೆಯದು ಬೆಸುಗೆ. ರೇಡಿಯೋ ರಿಪೇರಿಯ ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತದೆ; ಅದಕ್ಕೆ ಮುಂಚೆಯೇ ಮೆತ್ತಗಾಗುತ್ತದೆ. ಒಳಗೆ ನೀರು ಬತ್ತಿ ದೀಪ ಉರಿಯುತ್ತಲೇ ಇದ್ದರೆ ಆ ಬಿಸಿಗೆ ಎರಡು ನಿಮಿಷ ಬೇಡ. ಬಾಯ್ಲರಿಗೆ 600 ಡಿಗ್ರಿಗೂ ಮೇಲೆ ಕರಗುವ ಬೆಳ್ಳಿಯ ಬೆಸುಗೆಯೇ ಆಗಬೇಕು. ಫ್ರಿಜ್ ರಿಪೇರಿ ಮಾಡುವವರಿಗೆ ತಾಮ್ರದ ಕೊಳವೆ ಬೆಸೆದು ರೂಢಿಯಿರುತ್ತದೆ. ಅವರ ಕೈಯಲ್ಲಿ ಮಾಡಿಸಿದರೆ ನಾಚಿಕೆಯೇನಿಲ್ಲ.

ಎರಡನೆಯದು ಸೇಫ್ಟಿ ವಾಲ್ವ್. ಇದನ್ನು ಅಂದಾಜಿನಲ್ಲಿ ಮಾಡಬಾರದು, ತಕ್ಕಡಿಯಲ್ಲಿ ತೂಗಿ ಮಾಡಬೇಕು. 4 ಮಿ.ಮೀ. ತೂತಿನ ಮೇಲೆ ತುಕ್ಕು ಹಿಡಿಯದ ಉಕ್ಕಿನ ಗುಂಡೊಂದು ಕೂತು, ಅದನ್ನು ಸ್ಪ್ರಿಂಗು ಒತ್ತಿ ಹಿಡಿದಿದೆ ಎನ್ನಿ. ತೂತಿನ ವಿಸ್ತೀರ್ಣ 0.126 ಚದರ ಸೆಂ.ಮೀ. ಅದನ್ನು 3ರಿಂದ ಗುಣಿಸಿದರೆ 0.377 ಕಿಲೋ. ಅಂದರೆ 375 ಗ್ರಾಂ ಭಾರಕ್ಕೆ ಸೋಲುವಷ್ಟೇ ಸ್ಪ್ರಿಂಗನ್ನು ಬಿಗಿಯಬೇಕು. ಕಿರಾಣಿ ಅಂಗಡಿಯ ತಕ್ಕಡಿ ಇದಕ್ಕೆ ಸಾಕು. ದೀಪ ಪೂರ್ತಿ ಉರಿಸಿ, ಎಂಜಿನ್ ನಿಲ್ಲಿಸಿ ನೋಡಿದಾಗ ಮೀಟರಿನ ಮುಳ್ಳು ಏರುತ್ತಲೇ ಹೋದರೆ ತೂತು ಸಣ್ಣದಾಯಿತು ಎಂದು ಅರ್ಥ.

ಮೂರನೆಯದು ತಣ್ಣೀರಿನ ಪರೀಕ್ಷೆ. ಬೆಂಕಿ ಕಾಣಿಸುವ ಮೊದಲು ಬಾಯ್ಲರಿಗೆ ಗಾಳಿಯ ಗುಳ್ಳೆಯೂ ಇಲ್ಲದಂತೆ ತಣ್ಣೀರು ತುಂಬಿ, ಟ್ರ್ಯಾಕ್ಟರಿನ ಗ್ರೀಸ್ ಗನ್ನಿನಂಥ ಕೈಪಂಪಿನಿಂದ ನಿಧಾನವಾಗಿ 6 ಕಿಲೋ, ಅಂದರೆ ಓಡುವ ಒತ್ತಡದ ಎರಡರಷ್ಟು ಏರಿಸಿ ಹಿಡಿಯಬೇಕು. ಗಾಳಿ ತುಂಬಿ ಪರೀಕ್ಷಿಸಿದರೆ ಆಗದೆ ಎಂದು ಕೆಲವರು ಕೇಳುತ್ತಾರೆ. ಆಗದು. ಗಾಳಿ ಕುಗ್ಗಿ ಸ್ಪ್ರಿಂಗಿನಂತೆ ಶಕ್ತಿ ತುಂಬಿಕೊಳ್ಳುತ್ತದೆ, ಒಡೆದರೆ ಸಿಡಿಯುತ್ತದೆ. ನೀರು ಕುಗ್ಗುವುದೇ ಇಲ್ಲವೆನ್ನಬಹುದು. ಒಡೆದರೆ ಒಂದು ಹನಿ ಜಿನುಗಿ ಒತ್ತಡ ಬಿದ್ದುಹೋಗುತ್ತದೆ. ಬಾಯ್ಲರಿನ ದೋಷ ತಣ್ಣಗಿರುವಾಗಲೇ ತಿಳಿಯಬೇಕು.

ಇನ್ನು ಸಣ್ಣವು: ಬೋರಿನ ಗಡಸು ನೀರು ಹಾಕಿದರೆ ಒಳಗೆ ಸುಣ್ಣದ ಪೊರೆ ಕಟ್ಟುತ್ತದೆ, ಸೋಸಿದ ಮಳೆನೀರು ಒಳ್ಳೆಯದು. ಸ್ಪಿರಿಟ್ಟಿನ ಉರಿ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ, ಆರಿದೆ ಎಂದುಕೊಂಡು ಮೇಲಿಂದ ಸುರಿಯಕೂಡದು. ಮಕ್ಕಳು ಕಟ್ಟಲಿ, ಆದರೆ ಬಾಯ್ಲರಿನ ಬೆಸುಗೆ ಮತ್ತು ಪರೀಕ್ಷೆ ತಿಳಿದ ಹಿರಿಯರ ಕೈಯಲ್ಲಿ ನಡೆಯಲಿ.

ಸಕ್ಕರೆ ಕಾರ್ಖಾನೆಯ ಬಾಯ್ಲರನ್ನು ತಪಾಸಣೆ ಮಾಡಲು ಸರ್ಕಾರದ ಇನ್ಸ್‌ಪೆಕ್ಟರ್ ಬರುತ್ತಾರೆ. 1923ರ ಬಾಯ್ಲರ್ ಕಾಯ್ದೆ 25 ಲೀಟರಿಗಿಂತ ಚಿಕ್ಕ ಬಾಯ್ಲರುಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸದು ಬಂದಿದೆ. ಒಂದು ಲೋಟ ನೀರಿನ ಬಾಯ್ಲರನ್ನು ನೋಡಲು ಯಾವ ಅಧಿಕಾರಿಯೂ ಕುಲಗೋಡಕ್ಕೆ ಬರುವುದಿಲ್ಲ. ಕಟ್ಟಿದವನೇ ಇನ್ಸ್‌ಪೆಕ್ಟರ್ ಆಗಬೇಕು. ತನ್ನ ಕೆಲಸವನ್ನು ತಾನೇ ಫೇಲು ಮಾಡುವ ಧೈರ್ಯ ಅವನಿಗಿರಬೇಕು.

ಯಾರಿಗೆ ಬೇಕು ಈ ಕಷ್ಟ?

ಇಷ್ಟು ಪುಟ್ಟ ಬಂಡಿ ಏನನ್ನು ಎಳೆದೀತು ಎಂದು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಇಂಗ್ಲೆಂಡಿನಲ್ಲಿ 1920ರ ದಶಕದಲ್ಲೇ ಸಿಕ್ಕಿತು. 1898ರಲ್ಲಿ ಹುಟ್ಟಿದ 'ಮಾಡೆಲ್ ಎಂಜಿನಿಯರ್' ಪತ್ರಿಕೆಯಲ್ಲಿ ಎಲ್‌ಬಿಎಸ್‌ಸಿ ಎಂಬ ಅಂಕಿತದಿಂದ ಬರೆಯುತ್ತಿದ್ದ ಮಾಜಿ ರೈಲ್ವೆ ಕೆಲಸಗಾರರೊಬ್ಬರು, ಎರಡೂವರೆ ಅಂಗುಲ ಹಳಿಯ 'ಆಯೆಷಾ' ಎಂಬ ತಮ್ಮ ಕಲ್ಲಿದ್ದಲ ಬಂಡಿಯಿಂದ ವಯಸ್ಕರನ್ನೇ ಎಳೆಸಿ ತೋರಿಸಿದರು. ಅಷ್ಟು ಚಿಕ್ಕ ಬಂಡಿಯಿಂದ ಅದು ಆಗದ ಕೆಲಸ ಎಂದಿದ್ದ ಪಂಡಿತರು ಸುಮ್ಮನಾದರು. ಇದರಲ್ಲಿ ಮಾಯವೇನಿಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳಲು ತೂಕದ ನೂರನೆಯ ಒಂದು ಪಾಲಿನಷ್ಟು ಎಳೆತ ಸಾಕು. ತಳ್ಳುಗಾಡಿ ಸೇರಿ 90 ಕಿಲೋ ಇರುವ ಮನುಷ್ಯನನ್ನು ಎಳೆಯಲು ಒಂದು ಕಿಲೋದ ಬಲ. ಗಾಲಿ ಜಾರದೆ ಹಿಡಿಯುವುದು ಅದರ ಮೇಲಿನ ಭಾರದ ಕಾಲು ಪಾಲು. ಗಾಲಿಗಳ ಮೇಲೆ 8 ಕಿಲೋ ಭಾರವಿದ್ದರೆ 2 ಕಿಲೋ ಎಳೆಯಬಹುದು. ಲೆಕ್ಕ ಸರಿಹೋಯಿತಲ್ಲ!

ನಮ್ಮ ಕಡೆಯೂ ಇಂಥ ಛಲಗಾರರಿಲ್ಲದೆ ಇಲ್ಲ. ಪುಣೆಯಲ್ಲಿ ಭಾವೂ ಜೋಶಿಯವರು ವರ್ಷಗಟ್ಟಲೆ ಕಟ್ಟಿದ ಪುಟಾಣಿ ರೈಲುಗಳ ಸಂಗ್ರಹಾಲಯ 1998ರಲ್ಲಿ ತೆರೆಯಿತು. ಅಲ್ಲಿಯ ಓಡಾಟ ಹೆಚ್ಚಾಗಿ ವಿದ್ಯುತ್ತಿನದು. ಆದರೆ ಹಳಿ, ಸಿಗ್ನಲ್ಲು, ಊರು, ಎಲ್ಲವನ್ನೂ ಕೈಯಿಂದ ಹೊಂದಿಸಿದ ಹಟ ಅದೇ. ನಿಜವಾದ ಉಗಿಬಂಡಿಗಳನ್ನು ಹತ್ತಿರದಿಂದ ನೋಡಿ ಅಳತೆ ತೆಗೆಯಬೇಕೆನ್ನುವವರಿಗೆ 1979ರಲ್ಲಿ ಪ್ರಾರಂಭವಾದ ಮೈಸೂರಿನ ರೈಲು ಮ್ಯೂಸಿಯಂ ಇದೆ. 2020ರಲ್ಲಿ ಹುಬ್ಬಳ್ಳಿಯಲ್ಲೂ ಒಂದು ಆಗಿದೆ. ಅಲ್ಲಿಯ ಎರಡು ಹಳೆಯ ಮನೆಗಳಿಗೆ ಮಲಪ್ರಭಾ, ಘಟಪ್ರಭಾ ಎಂದೇ ಹೆಸರಿಟ್ಟಿದ್ದಾರೆ.

ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ 1885ರದು. ಬಾಯ್ಲರಿನ ಮೈಗೆ ಸುತ್ತಿಗೆ ತಟ್ಟಿ, ಬರುವ ಸದ್ದಿನಿಂದಲೇ ಒಳಗಿನ ಸರಳು ಮುರಿದಿದೆಯೋ ಇಲ್ಲವೋ ಎಂದು ಹೇಳುತ್ತಿದ್ದ ಕಿವಿಗಳು ಉಗಿಯ ಕಾಲದ ಕಾರ್ಖಾನೆಗಳಲ್ಲಿ ಇರುತ್ತಿದ್ದವು. ದೇಶದ ಬ್ರಾಡ್‌ಗೇಜ್ ಹಳಿಯ ಮೇಲೆ ಉಗಿಬಂಡಿಯ ನಿತ್ಯದ ಓಟ 1995ರ ಡಿಸೆಂಬರಿನಲ್ಲಿ ಕೊನೆಗೊಂಡಿತು. ಆಗ ಕೆಲಸ ಕಲಿತ ತರುಣರೂ ಈಗ ನಿವೃತ್ತಿಯ ಆಸುಪಾಸಿನಲ್ಲಿದ್ದಾರೆ. ಹಿರಿಯ ಫಿಟ್ಟರುಗಳಲ್ಲಿ ಬಹಳ ಮಂದಿ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಬಂಡಿಯನ್ನು ಕಾಪಾಡಿಡಬಹುದು, ಆ ಕಿವಿಯನ್ನು ಇಡಲಾಗದು. ಅದು ಉಳಿಯಬೇಕಾದರೆ ಯಾರಾದರೂ ಒಂದು ಬಾಯ್ಲರನ್ನು ಕಟ್ಟಬೇಕು, ಪಕ್ಕದಲ್ಲಿ ನಿಂತ ಹಿರಿಯರು ತಪ್ಪು ತೋರಿಸಬೇಕು.

ಉಗಿಯ ಕಾಲ ಮುಗಿಯಿತು ಎಂಬುದೂ ಅರ್ಧಸತ್ಯ. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯಂಥ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿದು ನೀರು ಉಗಿಯಾಗುತ್ತದೆ. ರಾಯಚೂರಿನಲ್ಲಿ ಕಲ್ಲಿದ್ದಲು, ಕೈಗಾದಲ್ಲಿ ಅಣು, ಬೆಂಕಿ ಯಾವುದಾದರೂ ಟರ್ಬೈನು ತಿರುಗಿಸುವುದು ಉಗಿಯೇ. ನಮ್ಮ ಮನೆಯ ದೀಪದಲ್ಲೂ ಬಾಯ್ಲರಿನ ಪಾಲಿದೆ. ಥರ್ಮಾಕೋಲಿನ ರೈಲಿಗೆ ಬಣ್ಣ ಬಳಿದು ಪ್ರದರ್ಶನದಲ್ಲಿ ಬಹುಮಾನ ಪಡೆದ ಹುಡುಗನಿಗೆ ಇದು ಬಾಯಿಪಾಠದ ಒಂದು ಸಾಲು. ಸೋರುವ ಸಿಲಿಂಡರನ್ನು ಹತ್ತು ಸಲ ಉಜ್ಜಿ, ಹನ್ನೊಂದನೆಯ ಸಲ ಚಕ್ರ ತಾನಾಗಿ ತಿರುಗಿದ್ದನ್ನು ನೋಡಿದ ಹುಡುಗಿಗೆ ಅದು ಕೈಗೆ ತಿಳಿದ ವಿಷಯ.

ಕಟ್ಟಬೇಕೆನಿಸಿದವರು ಗುಜರಿಗೆ ಹೋಗುವ ಮೊದಲು ಒಂದು ಕಾಗದ, ಒಂದು ಸ್ಕೇಲು ತೆಗೆದುಕೊಂಡು ಕುಳಿತುಕೊಳ್ಳಲಿ. ಸೀಟಿ ಎಲ್ಲಿ ಕೂರಿಸಬೇಕು ಎಂಬುದನ್ನು ಆಮೇಲೆ ನೋಡಬಹುದು. ಮೊದಲು ಬರೆಯಬೇಕಾದದ್ದು ಸೇಫ್ಟಿ ವಾಲ್ವ್.